ಇಳಿಸಿದ ಎಣ್ಣೆ ಎಲ್ಲಿಗೆ ಹೋಗಬೇಕು?

ಲಾರಿಯ ಎಂಜಿನ್ ಇನ್ನೂ ಬೆಚ್ಚಗಿರುವಾಗ ಚೇಂಬರ್‌ನ (ಎಂಜಿನ್ ಎಣ್ಣೆ ನಿಲ್ಲುವ ತಳದ ತೊಟ್ಟಿಯ) ಬದಿಯಲ್ಲಿರುವ ಡ್ರೈನ್ ಬೋಲ್ಟನ್ನು ಬಿಚ್ಚಿದರೆ ಎಣ್ಣೆ ನೆಟ್ಟಗೆ ಕೆಳಕ್ಕೆ ಬೀಳುವುದಿಲ್ಲ. ಒಳಗೆ ನಿಂತ ಎಣ್ಣೆಯ ಭಾರಕ್ಕೆ ಬಿಲ್ಲಿನಂತೆ ಬಾಗಿ ಆಚೆಗೆ ಚಿಮ್ಮುತ್ತದೆ. ಮಟ್ಟ ಇಳಿದಂತೆಲ್ಲ ಬಿಲ್ಲು ಕುಗ್ಗುತ್ತದೆ, ಧಾರೆ ಬೋಲ್ಟಿನ ನೇರಕ್ಕೆ ಬರುತ್ತದೆ, ನೂಲಾಗುತ್ತದೆ, ಕೊನೆಗೆ ಹನಿಯಾಗುತ್ತದೆ. ಅನುಭವಿ ಮೆಕ್ಯಾನಿಕ್ ಮೊದಲು ಟ್ರೇಯನ್ನು ಸ್ವಲ್ಪ ದೂರಕ್ಕಿಟ್ಟು, ಆಮೇಲೆ ಕಾಲಿನಿಂದ ಮೆಲ್ಲಗೆ ಒಳಕ್ಕೆ ತಳ್ಳುವುದು ಇದಕ್ಕೇ. ದೊಡ್ಡ ಲಾರಿಯಾದರೆ ಹೀಗೆ ಇಳಿಯುವ ಎಣ್ಣೆ 30ರಿಂದ 40 ಲೀಟರ್ ಇರುತ್ತದೆ.

ಟ್ರೇ ತುಂಬ ಕಪ್ಪು. ನೋಡಿದವರೆಲ್ಲ ಅದನ್ನು ‘ಸುಟ್ಟ ಎಣ್ಣೆ’ ಎನ್ನುತ್ತಾರೆ. ಆ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ ಎಂದು ನನಗೆ ಅನ್ನಿಸುತ್ತದೆ. ಅದರಲ್ಲಿ ಬಹುಪಾಲು ಎಣ್ಣೆ ಸುಟ್ಟೇ ಇಲ್ಲ.

ಕಪ್ಪು ಬಣ್ಣ ಮಸಿಯದು. ಡೀಸೆಲ್ ಉರಿಯುವಾಗ ಹುಟ್ಟುವ ಮಸಿಯಲ್ಲಿ ಸ್ವಲ್ಪ ಭಾಗ ಪಿಸ್ಟನ್ ರಿಂಗುಗಳನ್ನು ದಾಟಿ, ಪಿಸ್ಟನ್ ಆಡುವ ಕೊಳವೆಯಾದ ಲೈನರ್‌ನ ಗೋಡೆಯ ಎಣ್ಣೆಗೆ ಅಂಟಿ, ಚೇಂಬರ್‌ಗೆ ಇಳಿಯುತ್ತದೆ. ಒಂದೊಂದು ಕಣದ ಅಗಲ ಕೆಲವೇ ಹತ್ತು ನ್ಯಾನೋಮೀಟರ್. ಕೂದಲೆಳೆಯ ದಪ್ಪಕ್ಕೆ ಇಂಥ ಸಾವಿರಕ್ಕೂ ಹೆಚ್ಚು ಕಣಗಳನ್ನು ಸಾಲಾಗಿ ಜೋಡಿಸಬಹುದು. ಆಯಿಲ್ ಫಿಲ್ಟರ್‌ನ ರಂಧ್ರಗಳಿಗೆ ಇವು ಸಿಗುವುದೇ ಇಲ್ಲ. ಈ ಕಣಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗದಂತೆ ತಡೆಯುವ ಅಣುಗಳನ್ನು ಎಣ್ಣೆಗೆ ಮೊದಲೇ ಬೆರೆಸಿರುತ್ತಾರೆ. ಅಂಥ ಅಣುವಿನ ಒಂದು ತುದಿ ಮಸಿಯನ್ನು ಹಿಡಿದುಕೊಂಡರೆ ಇನ್ನೊಂದು ತುದಿ ಎಣ್ಣೆಯಲ್ಲಿ ಈಜಾಡುತ್ತದೆ. ಹಾಗಾಗಿ ಹೊಸ ಎಣ್ಣೆ ಹಾಕಿದ ಸ್ವಲ್ಪ ಸಮಯದಲ್ಲೇ ಕಪ್ಪಾದರೆ ಗಾಬರಿಯಾಗಬೇಕಿಲ್ಲ. ಮಸಿ ಎಣ್ಣೆಯಲ್ಲಿ ತೇಲುತ್ತಿದೆ, ಎಂಜಿನ್‌ನೊಳಗೆ ಕೆಸರಾಗಿ ಕೂತಿಲ್ಲ ಎಂದರ್ಥ.

ಹಾಗಾದರೆ ಸವೆಯುವುದು ಯಾವುದು? ಎಂಜಿನ್ ಎಣ್ಣೆಯ ಮುಕ್ಕಾಲು ಭಾಗಕ್ಕೂ ಹೆಚ್ಚು ಮೂಲ ಎಣ್ಣೆ, ಉಳಿದದ್ದು ಸೇರ್ಪಡೆ ರಾಸಾಯನಿಕಗಳು. ಉರಿಯುವಿಕೆಯಿಂದ ಹುಟ್ಟುವ ಆಮ್ಲವನ್ನು ಕ್ಯಾಲ್ಸಿಯಂ, ಮೆಗ್ನೀಸಿಯಂ ಸಂಯುಕ್ತಗಳು ಮುರಿಯುತ್ತವೆ, ಮುರಿಯುತ್ತ ತಾವೇ ತೀರಿಹೋಗುತ್ತವೆ. ಸತು ಮತ್ತು ರಂಜಕ ಸೇರಿದ ಇನ್ನೊಂದು ಸಂಯುಕ್ತ ಲೋಹದ ಮೇಲೆ ತೆಳುವಾದ ರಕ್ಷಾಪದರ ಕಟ್ಟುತ್ತ ಖರ್ಚಾಗುತ್ತದೆ. ಬಿಸಿಯಲ್ಲೂ ಎಣ್ಣೆ ತೀರ ತೆಳ್ಳಗಾಗದಂತೆ ಕಾಯುವ ಉದ್ದ ಸರಪಳಿಯ ಪಾಲಿಮರ್‌ಗಳು ಗೇರುಗಳ ನಡುವೆ ಸಿಕ್ಕಿ ತುಂಡಾಗುತ್ತವೆ. ಇತ್ತ ಲೈನರ್‌ನಿಂದ ಕಬ್ಬಿಣ, ಬೇರಿಂಗ್‌ನಿಂದ ತಾಮ್ರ ಮತ್ತು ಸೀಸ, ಗಾಳಿಯಿಂದ ದೂಳು, ಉರಿಯದೆ ಜಾರಿದ ಡೀಸೆಲ್, ಒಂದಿಷ್ಟು ನೀರು, ಎಲ್ಲವೂ ಬಂದು ಸೇರುತ್ತವೆ. ಮೂಲ ಎಣ್ಣೆಯೂ ಬಿಸಿಗೆ ಸ್ವಲ್ಪ ಸ್ವಲ್ಪ ಆಕ್ಸಿಜನ್ ಹೀರಿ ಕೆಡುತ್ತದೆ ನಿಜ, ಆದರೆ ಅದರ ಹೆಚ್ಚಿನ ಪಾಲು ಇನ್ನೂ ಗಟ್ಟಿಮುಟ್ಟಾಗಿಯೇ ಇರುತ್ತದೆ.

ಮಸಿಯನ್ನು ತೇಲಿಸುವ ಸೇರ್ಪಡೆ ಇನ್ನೂ ಉಳಿದಿದೆಯೇ ಎಂದು ಕಣ್ಣಾರೆ ಕಾಣುವ ಹಳೆಯ ಉಪಾಯವೊಂದಿದೆ. ಎಣ್ಣೆಯ ಮಟ್ಟ ನೋಡುವ ಕಡ್ಡಿಯ (ಡಿಪ್ ಸ್ಟಿಕ್) ತುದಿಯಿಂದ ಒಂದು ಹನಿಯನ್ನು ಶಾಯಿ ಹೀರುವ ಕಾಗದದ (ಬ್ಲಾಟಿಂಗ್ ಪೇಪರ್) ಮೇಲೆ ಬಿಟ್ಟು ಕೆಲವು ಗಂಟೆ ಹಾಗೇ ಇಡಬೇಕು. ಮಸಿಯನ್ನು ತೇಲಿಸುವ ಶಕ್ತಿ ಎಣ್ಣೆಯಲ್ಲಿ ಉಳಿದಿದ್ದರೆ ನಡುವಿನ ಕಪ್ಪು ಹೊರಕ್ಕೆ ಹೋದಂತೆ ತಿಳಿಯಾಗುತ್ತ ಬೂದು ಬಣ್ಣದ ಬಳೆಯಾಗಿ ಹರಡುತ್ತದೆ. ಆ ಶಕ್ತಿ ಮುಗಿದಿದ್ದರೆ ಮಸಿ ನಡುವಿನಲ್ಲೇ ಗಟ್ಟಿ ಅಂಚಿನ ಬೊಟ್ಟಾಗಿ ನಿಲ್ಲುತ್ತದೆ, ಸುತ್ತ ಬರಿಯ ಎಣ್ಣೆ ಮಾತ್ರ ಸಾಗುತ್ತದೆ. ಪ್ರಯೋಗಾಲಯದ ಪರೀಕ್ಷೆಗೆ ಇದು ಸಾಟಿಯಲ್ಲ. ಆದರೂ ಎಣ್ಣೆಯನ್ನು ಬೆರಳಲ್ಲಿ ತಿಕ್ಕಿ ‘ಜಿಗುಟು ಹೋಗಿದೆ’ ಎನ್ನುವುದಕ್ಕಿಂತ ಎಷ್ಟೋ ವಾಸಿ. ಬಳಸಿದ ಎಂಜಿನ್ ಎಣ್ಣೆಯಲ್ಲಿ ಕ್ಯಾನ್ಸರ್ ತರಬಲ್ಲ ಹೈಡ್ರೋಕಾರ್ಬನ್‌ಗಳು ಇರುತ್ತವೆ. ಇಲಿಗಳ ಚರ್ಮಕ್ಕೆ ಪದೇ ಪದೇ ಹಚ್ಚಿದಾಗ ಗಡ್ಡೆಗಳು ಹುಟ್ಟಿವೆ. ವರ್ಷಗಟ್ಟಲೆ ಬರಿಗೈಯಲ್ಲಿ ಈ ಕೆಲಸ ಮಾಡುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಒಂದು ಜೊತೆ ಕೈಗವಸು ಸಾಕು.

ಇನ್ನು ಮರುಬಳಕೆಯ ಮಾತು. ಇಳಿಸಿದ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ಡೀಸೆಲ್ ಟ್ಯಾಂಕಿಗೆ ಸುರಿಯುವುದು ಅನೇಕ ಲಾರಿ ಚಾಲಕರಿಗೆ ಗೊತ್ತಿರುವ ಪದ್ಧತಿ. ಎಣ್ಣೆ ಉರಿಯುತ್ತದೆ, ಅದರಲ್ಲಿ ಶಕ್ತಿಯಿದೆ, ಹಳೆಯ ಯಾಂತ್ರಿಕ ಪಂಪಿನ ಎಂಜಿನ್‌ಗಳು ಇದನ್ನು ತಾಳಿಕೊಂಡೂ ಇದ್ದವು. ಎಣ್ಣೆಯನ್ನು ಚೂರು ಚೂರಾಗಿ ಇಂಧನಕ್ಕೆ ಸೇರಿಸಿ ಸುಡುವ ‘ಸೆಂಟಿನೆಲ್’ ಎಂಬ ವ್ಯವಸ್ಥೆಯನ್ನು ಸ್ವತಃ ಎಂಜಿನ್ ತಯಾರಿಸುವ ಕಮಿನ್ಸ್ ಕಂಪನಿಯೇ ಒಂದು ಕಾಲಕ್ಕೆ ಕೊಡುತ್ತಿತ್ತು.

ಇಂದಿನ ಎಂಜಿನ್‌ಗೆ ಆ ಲೆಕ್ಕ ಹೊಂದುವುದಿಲ್ಲ. ಹಲವು ದೇಶಗಳಲ್ಲಿ ಡೀಸೆಲ್‌ನಲ್ಲಿ ಗಂಧಕದ ಮಿತಿ 10 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 10 ಭಾಗ. ಲಾರಿಗಳಿಗೆ ಬಳಸುವ ಸಿಕೆ-4 ದರ್ಜೆಯ ಎಣ್ಣೆಯಲ್ಲಿ ಶೇಕಡಾ 0.4ರವರೆಗೆ, ಅಂದರೆ 4,000 ಪಿಪಿಎಂವರೆಗೆ ಗಂಧಕ ಇರಬಹುದು. ಆ ಮಿತಿಯಷ್ಟು ಗಂಧಕವಿರುವ ಎಣ್ಣೆಯನ್ನು 100 ಲೀಟರ್ ಡೀಸೆಲ್‌ಗೆ ಒಂದೇ ಒಂದು ಲೀಟರ್ ಸೇರಿಸಿದರೂ ಗಂಧಕ ಸುಮಾರು 40 ಪಿಪಿಎಂ ಏರುತ್ತದೆ. 10 ಇದ್ದದ್ದು 50 ಆಗುತ್ತದೆ. ಅದೇ ದರ್ಜೆಯ ಎಣ್ಣೆಯಲ್ಲಿ ಬೂದಿಯಾಗುವ ಅಂಶ ಶೇಕಡಾ 1ರವರೆಗೆ ಇರುವುದರಿಂದ ಆ ಒಂದು ಲೀಟರ್ 8–9 ಗ್ರಾಂ ಬೂದಿಯನ್ನೂ ಬಿಡಬಲ್ಲದು. ಹೊಗೆಕೊಳವೆಯ ಮಸಿಶೋಧಕದಲ್ಲಿ ಕೂತ ಮಸಿಯನ್ನು ಸುಮಾರು 600 ಡಿಗ್ರಿ ಬಿಸಿಯಲ್ಲಿ ಸುಟ್ಟು ತೆಗೆಯಬಹುದು. ಬೂದಿಗೆ ಆ ದಾರಿಯಿಲ್ಲ, ಏಕೆಂದರೆ ಅದು ಆಗಲೇ ಸುಟ್ಟು ಉಳಿದದ್ದು. ಶೋಧಕವನ್ನು ಬಿಚ್ಚಿ ಶುಚಿಮಾಡುವವರೆಗೂ ಅದು ಅಲ್ಲೇ ತುಂಬುತ್ತ ಹೋಗುತ್ತದೆ. ಎಂಜಿನ್‌ಗೆ ಡೀಸೆಲ್ ಚಿಮುಕಿಸುವ ಇಂಜೆಕ್ಟರ್‌ನ ಸ್ಥಿತಿಯಂತೂ ಇನ್ನೂ ನಾಜೂಕು. ಒಳಗಿನ ಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ), ಒತ್ತಡ 2,000 ಬಾರ್‌ನ ಆಸುಪಾಸು. ಬಟ್ಟೆಯಲ್ಲಿ ಸೋಸಿದ ಎಣ್ಣೆಯ ಲೋಹದ ಪುಡಿ ಅಲ್ಲಿ ಅರದಂತೆ ಕೆಲಸ ಮಾಡುತ್ತದೆ.

ಇಳಿಸಿದ ಎಣ್ಣೆಯನ್ನು ಮರಮುಟ್ಟಿಗೆ ಬಳಿಯುವುದು, ದೂಳು ಏಳದಂತೆ ಮಣ್ಣು ರಸ್ತೆಗೆ ಚಿಮುಕಿಸುವುದು ಇವೆಲ್ಲ ನಿರುಪದ್ರವಿ ಎಂಬ ನಂಬಿಕೆಯಿದೆ. ಹಚ್ಚಿದ್ದು ಹಚ್ಚಿದಲ್ಲೇ ಇರುವುದಿಲ್ಲ, ಮಳೆ ಅದನ್ನು ತೊಳೆದು ಒಯ್ಯುತ್ತದೆ. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಕಾಣಲು 0.3 ಮೈಕ್ರಾನ್ ದಪ್ಪದ ಎಣ್ಣೆಪದರ ಸಾಕು. ಆ ಲೆಕ್ಕದಲ್ಲಿ ಒಂದು ಲೀಟರ್ ಎಣ್ಣೆ 3,000 ಚದರ ಮೀಟರಿಗೂ ಹೆಚ್ಚು ನೀರನ್ನು ಮುಚ್ಚಬಲ್ಲದು.

ಅಮೆರಿಕದ ಮಿಸೌರಿ ರಾಜ್ಯದ ಟೈಮ್ಸ್ ಬೀಚ್ ಊರಿನ ಕತೆ ಇದಕ್ಕಿಂತ ಘೋರ. 1970ರ ದಶಕದಲ್ಲಿ ಅಲ್ಲಿನ ಮಣ್ಣು ರಸ್ತೆಗಳಿಗೆ ದೂಳು ಅಡಗಿಸಲು ಬಳಸಿದ ಎಣ್ಣೆ ಸಿಂಪಡಿಸಲಾಯಿತು. ಆ ಎಣ್ಣೆಯಲ್ಲಿ ರಾಸಾಯನಿಕ ಕಾರ್ಖಾನೆಯೊಂದರ ತ್ಯಾಜ್ಯ ಬೆರೆತಿತ್ತು, ತ್ಯಾಜ್ಯದಲ್ಲಿ ಡಯಾಕ್ಸಿನ್ ಎಂಬ ಕಡುವಿಷವಿತ್ತು. ಅದೇ ಬೆರಕೆ ಎಣ್ಣೆಯನ್ನು ಸಿಂಪಡಿಸಿದ್ದ ಆ ರಾಜ್ಯದ ಕುದುರೆ ಲಾಯಗಳಲ್ಲಿ ಕುದುರೆಗಳು ಸತ್ತವು. 1983ರಲ್ಲಿ ಸರ್ಕಾರ ಇಡೀ ಊರನ್ನೇ ಕೊಂಡುಕೊಂಡು ಜನರನ್ನು ಬೇರೆಡೆಗೆ ಕಳಿಸಲು ನಿರ್ಧರಿಸಿತು. ಕಪ್ಪು ಎಣ್ಣೆಯ ದೊಡ್ಡ ಅಪಾಯ ಇಲ್ಲೇ ಇದೆ: ಅದಕ್ಕೆ ಏನು ಬೆರೆಸಿದರೂ ಕಣ್ಣಿಗೆ ಗೊತ್ತಾಗುವುದಿಲ್ಲ.

ಮೂಲ ಎಣ್ಣೆ ಗಟ್ಟಿಮುಟ್ಟಾಗಿ ಉಳಿದಿದೆ ಎಂದ ಮೇಲೆ ಅದನ್ನು ಹೊರತೆಗೆಯುವುದೇ ನಿಜವಾದ ಮರುಬಳಕೆ. ಮರುಶುದ್ಧೀಕರಣ ಘಟಕದಲ್ಲಿ ಮೊದಲು ಕಾಯಿಸಿ ನೀರನ್ನೂ ಜಾರಿದ ಡೀಸೆಲನ್ನೂ ಹಾರಿಸುತ್ತಾರೆ. ಬಳಿಕ ನಿರ್ವಾತದಲ್ಲಿ ಬಟ್ಟಿ ಇಳಿಸುತ್ತಾರೆ. ಗಾಳಿಯ ಒತ್ತಡ ತೆಗೆದಾಗ ಎಣ್ಣೆ ಕಡಿಮೆ ಬಿಸಿಯಲ್ಲೇ ಆವಿಯಾಗುವುದರಿಂದ ಅದರ ಅಣುಗಳು ಮುರಿಯುವುದಿಲ್ಲ. ಮಸಿ, ಲೋಹ, ದಣಿದ ಸೇರ್ಪಡೆಗಳೆಲ್ಲ ತಳದಲ್ಲಿ ದಪ್ಪ ಅಂಟಾಗಿ ಉಳಿದು ಡಾಂಬರಿಗೆ ಬೆರಕೆಯಾಗುತ್ತವೆ. ಆವಿಯಿಂದ ಮರಳಿ ದ್ರವವಾದ ಎಣ್ಣೆಯನ್ನು ಹೆಚ್ಚಿನ ಒತ್ತಡದಲ್ಲಿ ಹೈಡ್ರೋಜನ್‌ನೊಂದಿಗೆ ಹಾಯಿಸಿ ಗಂಧಕವನ್ನೂ ಆಕ್ಸಿಜನ್ ಹಿಡಿದ ಅಣುಗಳನ್ನೂ ನೀಗುತ್ತಾರೆ. ಹೊಸ ಸೇರ್ಪಡೆಗಳನ್ನು ಕೂಡಿಸಿದರೆ ಅದು ಮತ್ತೆ ಎಂಜಿನ್ ಎಣ್ಣೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಲೆಕ್ಕದಂತೆ ಸುಮಾರು 2.4 ಲೀಟರ್ ಎಂಜಿನ್ ಎಣ್ಣೆ ಪಡೆಯಲು ಒಂದು ಬ್ಯಾರೆಲ್, ಅಂದರೆ 159 ಲೀಟರ್ ಕಚ್ಚಾತೈಲ ಬೇಕು. ಬಳಸಿದ ಎಣ್ಣೆಯಾದರೆ 3.8 ಲೀಟರ್ ಸಾಕು.

ಆದರೆ ಆ ಘಟಕ ತೆಗೆದುಕೊಳ್ಳುವುದು ಬೆರಕೆಯಿಲ್ಲದ ಎಣ್ಣೆಯನ್ನು. ಟ್ರೇಯಿಂದ ಕ್ಯಾನಿಗೆ ಸುರಿಯುವಾಗ ಅದೇ ಕ್ಯಾನಿಗೆ ಉಳಿದ ಕೂಲಂಟ್, ಬ್ರೇಕ್ ಆಯಿಲ್, ಬಿಡಿಭಾಗ ತೊಳೆದ ಥಿನ್ನರ್ ಎಲ್ಲವನ್ನೂ ಹಾಕುವ ಅಭ್ಯಾಸ ಬಹಳ ಕಡೆ ಇದೆ. ಕ್ಲೋರಿನ್ ಇರುವ ದ್ರಾವಕ ಸ್ವಲ್ಪ ಸೇರಿದರೂ ಬಟ್ಟಿಯ ಬಿಸಿಗೆ ಆಮ್ಲ ಹುಟ್ಟಿ ಕೊಳವೆಗಳನ್ನು ಕೊರೆಯುತ್ತದೆ, ಡ್ರಮ್ಮಿನಷ್ಟೂ ಎಣ್ಣೆ ತಿರಸ್ಕೃತವಾಗುತ್ತದೆ. ಮುಚ್ಚಳ ಗಟ್ಟಿಯಿರುವ ಒಣ ಕ್ಯಾನ್ ಒಂದನ್ನು ಎಂಜಿನ್ ಎಣ್ಣೆಗೆಂದೇ ಮೀಸಲಿಟ್ಟು, ಮೇಲೆ ದಪ್ಪ ಅಕ್ಷರದಲ್ಲಿ ಹಾಗೆಂದು ಬರೆದಿಡಬೇಕು. ಬಿಚ್ಚಿದ ಫಿಲ್ಟರನ್ನು ಎಸೆಯುವ ಮುನ್ನ ತಲೆಗೆ ಒಂದು ತೂತು ಹೊಡೆದು, ಟ್ರೇಯ ಮೇಲೆ ಬೋರಲು ಹಾಕಿ ಒಂದು ರಾತ್ರಿ ಬಿಡಬೇಕು. ಬೆಳಗಾಗುವಷ್ಟರಲ್ಲಿ ಅದರಿಂದ ಬಸಿದ ಎಣ್ಣೆಯೂ ಅದೇ ಕ್ಯಾನಿಗೆ ಸೇರುತ್ತದೆ.