ಮೂರನೇ ವಯಸ್ಸಿಗೇ ಲಾಟರಿ: ವಾಷಿಂಗ್ಟನ್ನಿನ ಚಾರ್ಟರ್ ಪ್ರೀಸ್ಕೂಲುಗಳಲ್ಲಿ ಯಾರ ಮಕ್ಕಳಿದ್ದಾರೆ?

ಅಮೆರಿಕದ ರಾಜಧಾನಿ ವಾಷಿಂಗ್ಟನ್ ಡಿ.ಸಿ.ಯಲ್ಲಿ ಮೂರು ವರ್ಷದ ಮಗುವಿಗೂ ಫೀಸಿಲ್ಲದ ಸರ್ಕಾರಿ ಪ್ರೀಸ್ಕೂಲ್ ಇದೆ. ದೊಡ್ಡ ಸಾಧನೆಯೇ ಇದು. ಆದರೆ ಬಡವರ ಮಕ್ಕಳು, ಉಳ್ಳವರ ಮಕ್ಕಳು, ಕಪ್ಪು, ಬಿಳಿ, ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ಮಕ್ಕಳು ಒಂದೇ ಕೋಣೆಯಲ್ಲಿ ಆಡುತ್ತಾರಾ ಅಂದರೆ, ಎಷ್ಟೋ ಶಾಲೆಗಳಲ್ಲಿ ಇಲ್ಲ.

ಇದರ ಬೇರು ಹಳೆಯದು. ಈ ಊರಿನ ಶಾಲೆಗಳಲ್ಲಿ ಬಣ್ಣ ನೋಡಿ ಮಕ್ಕಳನ್ನು ಬೇರೆ ಮಾಡುವುದು ತಪ್ಪು ಎಂದು ಸುಪ್ರೀಂ ಕೋರ್ಟ್ 1954ರಲ್ಲೇ ಹೇಳಿತು. ಆಮೇಲೆ ಬಿಳಿಯ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ಊರಾಚೆಯ ಬಡಾವಣೆಗಳಿಗೆ ಹೋದವು. ಕಾನೂನು ಬದಲಾಯಿತು, ತರಗತಿಗಳು ಅಷ್ಟಾಗಿ ಬೆರೆಯಲಿಲ್ಲ.

ಚಾರ್ಟರ್ ಶಾಲೆ ಬಂದಿದ್ದು 1991ರಲ್ಲಿ, ಮಿನೆಸೋಟಾ ರಾಜ್ಯದ ಕಾನೂನಿನಿಂದ. ದುಡ್ಡು ಸರ್ಕಾರದ್ದು, ನಡೆಸುವುದು ಸ್ವತಂತ್ರ ಸಂಸ್ಥೆ. ಡಿ.ಸಿ.ಗೆ ಇದನ್ನು ಅಮೆರಿಕದ ಸಂಸತ್ತು 1996ರಲ್ಲಿ ತಂದಿತು. 2005ರಲ್ಲಿ ಆಪಲ್‌ಟ್ರೀ ಎಂಬ ಸಂಸ್ಥೆ ಪುಟ್ಟ ಮಕ್ಕಳಿಗೆಂದೇ ಚಾರ್ಟರ್ ಶಾಲೆ ತೆರೆಯಿತು. 2008ರಲ್ಲಿ ನಗರದ ಕೌನ್ಸಿಲ್ ಮೂರು-ನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಪ್ರೀಸ್ಕೂಲ್ ಸಿಗಬೇಕೆಂದು ಕಾನೂನು ಮಾಡಿತು.

ಚಾರ್ಟರ್ ಶಾಲೆಗೆ ಇಂಥ ಬೀದಿಯವರೇ ಬರಬೇಕು ಎಂಬ ಗಡಿ ಇಲ್ಲ. ಅರ್ಜಿ ಜಾಸ್ತಿಯಾದರೆ ಲಾಟರಿ. ಹಾಗಾದರೆ ಮಕ್ಕಳು ತಾವಾಗಿ ಬೆರೆಯಬೇಕಿತ್ತು, ಅಲ್ವಾ? ಆದರೆ ಲಾಟರಿ ಎತ್ತುವ ಮೊದಲೇ ಆಟ ಅರ್ಧ ಮುಗಿದಿರುತ್ತದೆ. ಅರ್ಜಿ ಹಾಕಲು ಸಮಯಕ್ಕೆ ಸರಿಯಾಗಿ ಗೊತ್ತಾಗಬೇಕು. ಅನಕೋಸ್ಟಿಯಾ ನದಿಯಾಚೆಯ ವಾರ್ಡ್ 7, 8ರಲ್ಲಿ ಇರುವವರು ಹೆಚ್ಚಾಗಿ ಕಪ್ಪು ಜನ, ಬಡತನವೂ ಅಲ್ಲೇ ಜಾಸ್ತಿ. ಅಲ್ಲಿನ ತಾಯಿ ಪುಟ್ಟ ಮಗುವನ್ನು ಊರಿನ ಇನ್ನೊಂದು ತುದಿಯ ಶಾಲೆಗೆ ಬಿಟ್ಟು, ಅಲ್ಲಿಂದ ಕೆಲಸಕ್ಕೆ ಓಡಬೇಕು, ಯಾಕೆಂದರೆ ಹೆಚ್ಚಿನ ಮಕ್ಕಳಿಗೆ ನಗರ ಶಾಲಾ ಬಸ್ ಕೊಡುವುದಿಲ್ಲ. ಜೊತೆಗೆ ಅದೇ ಶಾಲೆಯಲ್ಲಿ ಅಣ್ಣ-ಅಕ್ಕ ಓದುತ್ತಿರುವ ಮಗುವಿಗೆ ಮೊದಲ ಅವಕಾಶ. ಒಮ್ಮೆ ಒಳಗೆ ಬಂದ ಕುಟುಂಬ ಒಳಗೇ ಉಳಿಯುತ್ತದೆ. ಮೂರನೇ ವಯಸ್ಸಿಗೆ ಸೀಟು ಸಿಕ್ಕರೆ ಅದೇ ಶಾಲೆಯ ಮುಂದಿನ ತರಗತಿಗಳಿಗೂ ಅದು ದಾರಿ. ಹಾಗಾಗಿ ಪ್ರೀಸ್ಕೂಲಿನಲ್ಲಿ ಬೆರೆಯದಿದ್ದರೆ ಮುಂದೆ ಬೆರೆಸುವುದು ಬಹಳ ಕಷ್ಟ. ನನ್ನ ಪ್ರಕಾರ ಇಡೀ ವಿಷಯದ ಗಂಟು ಇಲ್ಲೇ ಇದೆ.

ನಗರಕ್ಕೂ ಇದು ಅರ್ಥವಾಗಿದೆ. ಚಾರ್ಟರ್ ಶಾಲೆಗಳು ಲಾಟರಿಯಲ್ಲಿ ಬಡ ಮಕ್ಕಳಿಗೆ ಆದ್ಯತೆ ಕೊಡಬಹುದು ಎಂದು 2020ರ ಕಾನೂನು ಹೇಳಿತು. ಮನೆಯಿಲ್ಲದ ಮಕ್ಕಳು, ಬೇರೆಯವರ ಪೋಷಣೆಯಲ್ಲಿರುವವರು, ಸರ್ಕಾರದ ಆಹಾರ ನೆರವು ಪಡೆಯುವ ಮನೆಯವರು ಇದರಲ್ಲಿ ಸೇರುತ್ತಾರೆ. ಒಳ್ಳೆಯ ಹೆಜ್ಜೆ. ಆದರೆ ಆ ಆದ್ಯತೆ ಕೊಡಬೇಕೋ ಬೇಡವೋ ಎಂಬ ತೀರ್ಮಾನವನ್ನು ಆಯಾ ಶಾಲೆಗೇ ಬಿಡಲಾಗಿದೆ. ಬಸ್ಸಿನ ಸಮಸ್ಯೆಯನ್ನು ಅದು ಮುಟ್ಟಲೇ ಇಲ್ಲ.