ಮಿನ್ನೆಪೈನ್: ಔಷಧಿಗೆ ಬಗ್ಗದ ನೋವು

ಡಚ್ ಭಾಷೆಯ ‘ಮಿನ್ನೆಪೈನ್’ ಎಂಬ ಪದದಲ್ಲಿ ‘ಮಿನ್ನೆ’ ಎಂದರೆ ಪ್ರೇಮ, ‘ಪೈನ್’ ಎಂದರೆ ನೋವು. ಇದನ್ನು ಕನ್ನಡದಲ್ಲಿ ‘ವಿರಹವೇದನೆ’ ಎನ್ನಲು ಮನಸ್ಸಾಗುತ್ತದೆ, ಆದರೆ ಎರಡರ ನಡುವೆ ಅಂತರವಿದೆ. ವಿರಹಕ್ಕೆ ಅಗಲಿಕೆ ಬೇಕು. ಮಿನ್ನೆಪೈನ್‌ಗೆ ಬಾಯಿಬಿಟ್ಟು ಹೇಳಿಕೊಳ್ಳಲಾಗದ ಪ್ರೀತಿಯೊಂದಿದ್ದರೂ ಸಾಕು. ಅಲ್ಲದೆ ಇದು ಕೇವಲ ಕವಿಗಳ ಮಾತಾಗಿರದೆ, ಯುರೋಪಿನ ವೈದ್ಯರು ಶತಮಾನಗಳ ಕಾಲ ನಿಜವಾದ ಕಾಯಿಲೆಯೆಂದೇ ಎಣಿಸಿದ್ದ ಸ್ಥಿತಿಯಾಗಿತ್ತು.

ಈ ಪದವನ್ನು ಬಣ್ಣದಲ್ಲಿ ಕಾಣಬೇಕಾದರೆ ಲೈಡನ್ ಊರಿನ ಚಿತ್ರಕಾರ ಯಾನ್ ಸ್ಟೇನ್ (1626–1679) ಮತ್ತೆ ಮತ್ತೆ ಬರೆದ ‘ವೈದ್ಯರ ಭೇಟಿ’ಯ ಚಿತ್ರಗಳನ್ನು ನೋಡಬೇಕು. ದಿಂಬಿಗೋ ಮೇಜಿಗೋ ಒರಗಿ ಸೊರಗಿದ ತರುಣಿ, ಅವಳ ಮಣಿಕಟ್ಟು ಹಿಡಿದ ಕಪ್ಪು ಉಡುಪಿನ ವೈದ್ಯ, ನೆಲದ ಮೇಲೆ ಕೆಂಡದ ಪಾತ್ರೆ, ಅದರಲ್ಲಿ ಹೊಗೆಯಾಡುತ್ತಿರುವ ಒಂದು ಬಟ್ಟೆಯ ಪಟ್ಟಿ. ಆ ಪಟ್ಟಿಯ ಹೊಗೆಯಿಂದ ಹೆಣ್ಣಿನ ಬಸಿರನ್ನೋ ಪ್ರೇಮರೋಗವನ್ನೋ ಪತ್ತೆಹಚ್ಚಬಹುದೆಂಬ ನಂಬಿಕೆ ಅಂದು ಇತ್ತು. ಕೆಲವು ಚಿತ್ರಗಳಲ್ಲಿ ಮೂತ್ರ ತುಂಬಿದ ಗಾಜಿನ ಬುಡ್ಡಿಯೂ ಇರುತ್ತದೆ. ಬರಿಯ ಮೂತ್ರದ ಬಣ್ಣ ನೋಡಿ ರೋಗ ಹೇಳುವವನನ್ನು ಡಚ್ಚರು ‘ಪಿಸ್‌ಕೈಕರ್’, ಅಂದರೆ ಮೂತ್ರ ನೋಡುವವನು, ಎಂದು ಹಗುರವಾಗಿ ಕರೆಯುತ್ತಿದ್ದರು. ಈ ಪದ್ಧತಿಯನ್ನು ಖಂಡಿಸಿ ವೈದ್ಯ ಪೀಟರ್ ವಾನ್ ಫೊರೇಸ್ಟ್ 1589ರಷ್ಟು ಹಿಂದೆಯೇ ಗ್ರಂಥವೊಂದನ್ನು ಪ್ರಕಟಿಸಿದ್ದನು.

ನಾಡಿ ಹಿಡಿಯುವ ಭಂಗಿಗೆ ಮಾತ್ರ ಇನ್ನೂ ಹಳೆಯ ವಂಶಾವಳಿಯಿದೆ. ಎರಡನೆಯ ಶತಮಾನದ ವೈದ್ಯ ಗೇಲನ್, ನಿದ್ದೆಯಿಲ್ಲದೆ ಕೊರಗುತ್ತಿದ್ದ ಗೃಹಿಣಿಯೊಬ್ಬಳನ್ನು ಪರೀಕ್ಷಿಸುವಾಗ ಯಾರೋ ಪಿಲಾಡಿಸ್ ಎಂಬ ನರ್ತಕನ ಹೆಸರೆತ್ತಿದ ಕೂಡಲೇ ಅವಳ ನಾಡಿ ತಾಳತಪ್ಪಿದ್ದನ್ನು ಗಮನಿಸಿ, ಅವಳ ಬೇನೆಗೆ ಪ್ರೇಮವೇ ಕಾರಣವೆಂದು ತಿಳಿದೆನೆಂದು ಬರೆದಿದ್ದಾನೆ. ಸ್ಟೇನನ ವೈದ್ಯನ ಬೆರಳಿನಡಿಯಲ್ಲೂ ಅದೇ ನಾಡಿ ಮಿಡಿಯುತ್ತಿದೆ ಎಂದು ನನಗನ್ನಿಸುತ್ತದೆ. ಆದರೆ ಹಳೆಗಾಲದ, ನಾಟಕದ ವೇಷದಂತಹ ಉಡುಪು ತೊಟ್ಟ ಆ ಪಂಡಿತನಿಗೆ ಅದರ ಮಾತು ಅರ್ಥವಾಗುವಂತಿಲ್ಲ.

ಮ್ಯೂನಿಕ್‌ನ ಆಲ್ಟೆ ಪಿನಾಕೊಥೆಕ್ ಸಂಗ್ರಹಾಲಯದಲ್ಲಿರುವ ಚಿತ್ರದಲ್ಲಿ ಉತ್ತರ ರೋಗಿಯ ಕೈಯಲ್ಲೇ ಇದೆ. ಅವಳು ಹಿಡಿದ ಪುಟ್ಟ ಕಾಗದದ ಮೇಲೆ, ಇಲ್ಲಿ ಯಾವ ಮದ್ದೂ ನಾಟದು, ಏಕೆಂದರೆ ಇದು ಪ್ರೇಮದ ನೋವು ಎಂಬರ್ಥದ ಡಚ್ ಸಾಲಿದೆ. ಮೂಲದಲ್ಲಿ ‘ಮೆಡೆಸೈನ್’ ಮತ್ತು ‘ಮಿನ್ನೆಪೈನ್’ ಅಂತ್ಯಪ್ರಾಸವಾಗಿ ಕೂಡುತ್ತವೆ. ಔಷಧಿಗೂ ನೋವಿಗೂ ಕಿವಿಯಲ್ಲಿ ಒಂದಾಗುವ ನಂಟು, ಅರ್ಥದಲ್ಲಿ ಮಾತ್ರ ಒಂದಾಗದ ನಂಟು. ಅನುವಾದದಲ್ಲಿ ಕಳೆದುಹೋಗುವುದು ಇದೇ.

ವೈದ್ಯನಿರುವ ಡಚ್ ಚಿತ್ರಗಳೆಲ್ಲವನ್ನೂ ಮಿನ್ನೆಪೈನ್ ಎಂದು ಓದಬಾರದು. ಅದೇ ಲೈಡನ್‌ನ ಗೆರಿಟ್ ಡೌ 1663ರಲ್ಲಿ ಬರೆದ, ಈಗ ಪ್ಯಾರಿಸ್‌ನ ಲೂವ್ರ್‌ನಲ್ಲಿರುವ ಜಲೋದರ ಪೀಡಿತೆಯ ಚಿತ್ರದಲ್ಲೂ ವೈದ್ಯ ಅದೇ ಗಾಜಿನ ಬುಡ್ಡಿಯನ್ನು ಬೆಳಕಿಗೆ ಹಿಡಿದಿದ್ದಾನೆ. ಅಲ್ಲಿ ನಗೆಯ ಸುಳಿವಿಲ್ಲ. ರೋಗಿಯ ಕೈ ಹಿಡಿದು ಮಂಡಿಯೂರಿದ ಹುಡುಗಿಯೊಬ್ಬಳು ಅಳುತ್ತಿದ್ದಾಳೆ.