ಬದುವಿನ ಮೇಲೆ ಕೂತ ನಾಲ್ಕು ಬೈಟ್

ಮದ್ದೂರು ಕಡೆಯ ಒಂದು ಉಪನಾಲೆಗೆ ನೀರಿನ ಮಟ್ಟ ಅಳೆಯುವ ಮೀಟರ್ ಕೂರಿಸಿ ಎರಡು ದಿನವಾಗಿತ್ತು. ಅಲ್ಲಿಯ ನೀರುಗಂಟಿ ಫೋನ್ ಮಾಡಿ, ಮೀಟರಿನ ಹಸಿರು ದೀಪ ಗಂಟೆಗೊಂದು ಸಲ ಆರಿ ಮತ್ತೆ ಹತ್ತುತ್ತಿದೆ ಎಂದರು. 'ಗಂಟೆಗೊಂದು ಸಲ' ಎಂದು ಅವರು ಗಮನಿಸಿ ಹೇಳಿದ್ದೇ ನಮಗೆ ದಾರಿಯಾಯಿತು. ಮೈಸೂರಿನ ಹೆಬ್ಬಾಳದಲ್ಲಿ ನಮ್ಮ ಮೇಜಿನ ಮೇಲೆ ಅದೇ ಬೋರ್ಡು ಮೂರು ವಾರ ನಿಲ್ಲದೆ ಓಡಿತ್ತು. ಅಲ್ಲಿ ಇಲ್ಲದೆ ನಾಲೆಯ ಹತ್ತಿರ ಮಾತ್ರ ಇದ್ದದ್ದು ಒಂದೇ: ಗಡಿಯಾರ ಸರಿಪಡಿಸಲು ಗೇಟ್‌ವೇ (ಮೀಟರಿನ ಮಾತನ್ನು ಹೊರಗೆ ಸಾಗಿಸುವ ಪೆಟ್ಟಿಗೆ) ಗಂಟೆಗೊಮ್ಮೆ ಕಳಿಸುವ ಸಂದೇಶ.

ಹೋಗುವುದಕ್ಕೂ ಬರುವುದಕ್ಕೂ ನಮ್ಮದು ಒಂದೇ ನಮೂನೆಯ ಸಂದೇಶ. ಅದು ಯಾವ ಬಗೆಯದು ಎನ್ನುವುದಕ್ಕೆ 1 ಬೈಟ್, ಮೀಟರ್ ಸಂಖ್ಯೆಗೆ 2, ಸಮಯಕ್ಕೆ 4, ನೀರಿನ ಮಟ್ಟಕ್ಕೆ 2, ಬ್ಯಾಟರಿಗೆ 2, ತಪ್ಪು ಪತ್ತೆ ಮಾಡುವ ಚೆಕ್‌ಸಮ್‌ಗೆ 2. ಒಟ್ಟು 13. ಒಂದು ಬೈಟೂ ವ್ಯರ್ಥವಾಗಿಲ್ಲ ಎಂದು ಬರೆದಾಗ ಖುಷಿಪಟ್ಟಿದ್ದೆವು. ಸೊನ್ನೆಯಿಂದ ಎಣಿಸಿದರೆ ಸಮಯ ಶುರುವಾಗುವುದು 3ನೇ ಬೈಟಿನಲ್ಲಿ. ತೊಂದರೆ ಇದ್ದದ್ದು ಅಲ್ಲೇ.

32 ಬಿಟ್ ಪ್ರೊಸೆಸರಿನ ಕಣ್ಣಿಗೆ ಮೆಮೊರಿ ಎಂದರೆ ನಾಲ್ಕು ನಾಲ್ಕು ಬೈಟಿನ ಮಡಿಗಳಾಗಿ ಬದು ಹಾಕಿದ ಗದ್ದೆ. ನಾಲ್ಕು ಬೈಟಿನ ಸಂಖ್ಯೆ ಒಂದೇ ಮಡಿಯಲ್ಲಿದ್ದರೆ, ಅಂದರೆ ಅದರ ವಿಳಾಸ ನಾಲ್ಕರಿಂದ ಭಾಗವಾದರೆ, ಒಂದೇ ಸಲಕ್ಕೆ ಎತ್ತಿಕೊಳ್ಳುತ್ತದೆ. ನಮ್ಮ ಸಮಯದ ಒಂದು ಬೈಟ್ ಬದುವಿನ ಈಚೆ, ಮೂರು ಆಚೆ. ಮೊದಲಿನ ಮೀಟರಿನಲ್ಲಿದ್ದ ಕಾರ್ಟೆಕ್ಸ್ ಎಂ4 ಪ್ರೊಸೆಸರ್ ಇಂಥದ್ದನ್ನು ಎರಡು ಸಲ ಹೋಗಿ ತಂದು ಜೋಡಿಸಿಕೊಡುತ್ತದೆ, ನಮಗೆ ತಿಳಿಯುವುದೂ ಇಲ್ಲ. ಬ್ಯಾಟರಿ ಉಳಿಸಲೆಂದು ನಾವು ಬದಲಾಯಿಸಿಕೊಂಡ ಕಾರ್ಟೆಕ್ಸ್ ಎಂ0+ಗೆ ಆ ಸೌಲಭ್ಯವಿಲ್ಲ. ಅದು ಹಾರ್ಡ್‌ಫಾಲ್ಟ್ ಎಂಬ ದೋಷ ಕೊಟ್ಟು ನಿಂತುಬಿಡುತ್ತದೆ, ನಿಂತದ್ದನ್ನು ಗಮನಿಸುವ ವಾಚ್‌ಡಾಗ್ ಟೈಮರ್ ಬಂದು ಮರುಚಾಲನೆ ಮಾಡುತ್ತದೆ. ನೀರುಗಂಟಿ ಕಂಡಿದ್ದು ಅದನ್ನೇ.

'ಸ್ಟ್ರಕ್ಟ್‌ಗೆ ಪ್ಯಾಕ್ಡ್ ಎಂದು ಹಾಕಿದ್ದೀವಲ್ಲ?' ಎಂದು ತಂಡದ ಹುಡುಗಿ ಕೇಳಿದಳು. ನ್ಯಾಯವಾದ ಪ್ರಶ್ನೆ. ಸ್ಟ್ರಕ್ಟ್ ಎಂದರೆ ಕೋಡಿನಲ್ಲಿ ಬರೆದ ಸಂದೇಶದ ನಮೂನೆ. ಅದಕ್ಕೆ ಪ್ಯಾಕ್ಡ್ ಎಂದು ಹಾಕಿದರೆ ನಡುವೆ ಖಾಲಿ ಬಿಡಬೇಡ ಎಂದರ್ಥ. ಆಗ ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರಿಗೆ ಈ ಸಂಖ್ಯೆ ಎಲ್ಲಿ ಬೇಕಾದರೂ ಇರಬಹುದು ಎಂದು ಗೊತ್ತಿರುತ್ತದೆ, ಎಂ0+ಗಾದರೆ ಬೈಟ್ ಬೈಟಾಗಿ ಓದುವ ಕೋಡನ್ನೇ ಕೊಡುತ್ತದೆ. ಆದರೆ ನಾವು ಸಮಯದ ವಿಳಾಸವನ್ನು ಮಾತ್ರ ತೆಗೆದು ಗಡಿಯಾರ ಹೊಂದಿಸುವ ಫಂಕ್ಷನ್‌ಗೆ ಕೊಟ್ಟಿದ್ದೆವು. ಅದಕ್ಕೆ ತಲುಪಿದ್ದು 'ನಾಲ್ಕು ಬೈಟಿನ ಸಂಖ್ಯೆಯ ವಿಳಾಸ' ಅಷ್ಟೆ, ಪ್ಯಾಕ್ಡ್ ಎನ್ನುವ ಮಾಹಿತಿ ದಾರಿಯಲ್ಲೇ ಕಳೆದುಹೋಗಿತ್ತು. 2019ರಲ್ಲಿ ಬಂದ ಜಿಸಿಸಿ 9ರಿಂದ ಈಚೆಗೆ ಕಂಪೈಲರ್ ತಾನಾಗಿಯೇ ಇದಕ್ಕೆ ಎಚ್ಚರಿಕೆ ಕೊಡುತ್ತದೆ. ನಾವು ಬಳಸುತ್ತಿದ್ದದ್ದು ಅದಕ್ಕಿಂತ ಹಳೆಯದು.

ಆ ದಿನ ಸಂಜೆ ಕಾಗದದ ಮೇಲೆ ಸಂದೇಶವನ್ನು ಮತ್ತೆ ಬರೆದೆವು. ಬಗೆ 0ನೇ ಬೈಟಿನಲ್ಲಿ, ನಮೂನೆಯ ಆವೃತ್ತಿ 1ರಲ್ಲಿ, ಮೀಟರ್ ಸಂಖ್ಯೆ 2ರಲ್ಲಿ, ಸಮಯ 4ರಲ್ಲಿ, ಮಟ್ಟ 8ರಲ್ಲಿ, ಬ್ಯಾಟರಿ 10ರಲ್ಲಿ, ಚೆಕ್‌ಸಮ್ 12ರಲ್ಲಿ, 14ರಲ್ಲಿ ಎರಡು ಬೈಟ್ ಮೀಸಲು. ಒಟ್ಟು 16. ಪ್ಯಾಕ್ಡ್ ತೆಗೆದು ಹಳೆಯ ಸ್ಟ್ರಕ್ಟನ್ನೇ ಕೊಟ್ಟಿದ್ದರೂ ನಮ್ಮ ಕಂಪೈಲರ್ 16 ಬೈಟನ್ನೇ ಮಾಡುತ್ತಿತ್ತು, 1ರಲ್ಲಿ ಒಂದು, ಕೊನೆಗೆ ಎರಡು ಬೈಟ್ ಖಾಲಿ ಬಿಟ್ಟು. ನಾವು ಮಾಡಿದ್ದು ಆ ಖಾಲಿ ಜಾಗಗಳಿಗೆ ಹೆಸರಿಟ್ಟದ್ದು. ಇದು ಸಣ್ಣ ಕೆಲಸವಲ್ಲ. ಹೆಸರಿಲ್ಲದ ಜಾಗದಲ್ಲಿ ಏನಿರುತ್ತದೆ ಎಂದು ಯಾರೂ ಹೊಣೆ ಹೊರುವುದಿಲ್ಲ, ಹಳೆಯ ಮೆಮೊರಿಯ ಚೂರು ಹಾಗೇ ತಂತಿಯ ಮೇಲೆ ಹೋಗಬಹುದು. 2003ರಲ್ಲಿ ಬಯಲಾದ ಈಥರ್‌ಲೀಕ್ ದೋಷ ಈ ಜಾತಿಯದೇ: ಚಿಕ್ಕ ಪ್ಯಾಕೆಟ್ಟನ್ನು ತಂತಿಜಾಲವಾದ ಈಥರ್ನೆಟ್ಟಿನ ಕನಿಷ್ಠ ಉದ್ದಕ್ಕೆ ತರುವಾಗ ಕೆಲವು ಡ್ರೈವರ್‌ಗಳು (ಜಾಲದ ಯಂತ್ರವನ್ನು ನಡೆಸುವ ತಂತ್ರಾಂಶ) ಸೊನ್ನೆ ತುಂಬದೆ, ಅಲ್ಲಿ ಬಿದ್ದಿದ್ದ ಹಳೆಯ ದತ್ತಾಂಶವನ್ನೇ ಕಳಿಸುತ್ತಿದ್ದವು.

ದೊಡ್ಡ ಪ್ರೊಟೊಕಾಲ್‌ಗಳನ್ನು, ಅಂದರೆ ಕಂಪ್ಯೂಟರುಗಳು ಮಾತಾಡುವ ನಿಯಮಗಳನ್ನು, ಬರೆದವರು ಈ ಲೆಕ್ಕವನ್ನು ಮೊದಲೇ ಹಾಕಿದ್ದರು. 1981ರ ಐಪಿ (ಇಂಟರ್ನೆಟ್ ಪ್ರೊಟೊಕಾಲ್) ನಿರ್ದೇಶನದಲ್ಲಿ ಸಂದೇಶದ ತಲೆಭಾಗವಾದ ಹೆಡರಿನ ಉದ್ದವನ್ನು ಎಣಿಸುವುದೇ ನಾಲ್ಕು ಬೈಟಿನ ಪದಗಳಲ್ಲಿ. ಐಪಿಯ ಮೇಲೆ ದತ್ತಾಂಶ ತಪ್ಪದೆ ತಲುಪಿಸುವ ಟಿಸಿಪಿಯಲ್ಲಿ ಸಮಯ ಹೊರುವ ಟೈಮ್‌ಸ್ಟ್ಯಾಂಪ್ ಆಯ್ಕೆ 10 ಬೈಟ್, ಅದರ ಮುಂದೆ ಏನೂ ಮಾಡದ ಎರಡು ಬೈಟ್ ಇಟ್ಟು 12 ಮಾಡುವುದು ರೂಢಿ. ಐಪಿಯ ಹೊಸ ಆವೃತ್ತಿಯಾದ ಐಪಿವಿ6ರಲ್ಲಿ ವಿಳಾಸಗಳು 8 ಮತ್ತು 24ರಲ್ಲಿ ಶುರುವಾಗುತ್ತವೆ, ವಿಸ್ತರಣಾ ಹೆಡರುಗಳ ಉದ್ದ ಎಂಟರ ಗುಣಕ. ಆದರೆ ಇವನ್ನೆಲ್ಲ ಹೊರುವ ಈಥರ್ನೆಟ್ ಹೆಡರ್ 14 ಬೈಟ್! ಒಳಗಿನ ಐಪಿ ಎಷ್ಟೇ ಅಚ್ಚುಕಟ್ಟಾಗಿದ್ದರೂ ಎರಡು ಬೈಟ್ ಆಚೆಗೆ ಬೀಳುತ್ತದೆ. ಅದಕ್ಕೇ ಲಿನಕ್ಸ್‌ನ ಅನೇಕ ಡ್ರೈವರ್‌ಗಳು ಬಂದದ್ದನ್ನು ಇಡುವ ಜಾಗವಾದ ಬಫರಿನ ಮೊದಲ ಎರಡು ಬೈಟ್ ಬಿಟ್ಟು ಫ್ರೇಮನ್ನು (ಈಥರ್ನೆಟ್ಟಿನ ಇಡೀ ಸಂದೇಶವನ್ನು) ಇಳಿಸಿಕೊಳ್ಳುತ್ತವೆ, 14 ಹೋಗಿ 16 ಆಗುತ್ತದೆ. ಐಪಿ ವಿಳಾಸದಿಂದ ಯಂತ್ರದ ವಿಳಾಸ ಹುಡುಕುವ 1982ರ ಎಆರ್‌ಪಿಗೆ ಈ ಮದ್ದೂ ಪೂರ್ತಿ ನಾಟುವುದಿಲ್ಲ. ಅದರಲ್ಲಿ ಕಳಿಸುವವರ ಐಪಿ ವಿಳಾಸ 14ರಲ್ಲಿ, ಪಡೆಯುವವರದು 24ರಲ್ಲಿ. ಎರಡು ಬೈಟ್ ಸರಿಸಿದರೆ ಎರಡನೆಯದು ಸರಿಯಾಗಿ ಮೊದಲನೆಯದು ಕೆಡುತ್ತದೆ, ಸರಿಸದಿದ್ದರೆ ತಿರುಗುಮುರುಗು. ಒಂದಂತೂ ಬದುವಿನ ಮೇಲೇ.

ಹಾಗಾಗಿ ನಮೂನೆ ಎಷ್ಟೇ ನೆಟ್ಟಗಿದ್ದರೂ ಓದುವ ಕೋಡು ಅದನ್ನೇ ನಂಬಿ ಕೂರಬಾರದು. ಬಂದ ಬಫರಿಗೆ ಸ್ಟ್ರಕ್ಟ್ ಪಾಯಿಂಟರ್ ಹೊದಿಸುವುದನ್ನು, ಅಂದರೆ ಬೈಟ್‌ಗಳು ಇದ್ದ ಜಾಗದಲ್ಲೇ ನಮೂನೆಯಂತೆ ಓದುವುದನ್ನು, ನಾನು ಈಗ ಬಿಟ್ಟಿದ್ದೇನೆ. ಮೆಮ್‌ಕಾಪಿಯಿಂದ ಬೇರೆ ಜಾಗಕ್ಕೆ ನಕಲು ಮಾಡುತ್ತೇನೆ, ಇಲ್ಲವೇ ಬೈಟ್‌ಗಳನ್ನು ಒಂದೊಂದಾಗಿ ಎತ್ತಿ ಜೋಡಿಸುತ್ತೇನೆ. ಒಂದೊಂದಾಗಿ ಜೋಡಿಸಿದರೆ ಯಾವ ಬೈಟ್ ಮೊದಲು ಎನ್ನುವ ಕ್ರಮದ ತಕರಾರೂ ತೀರುತ್ತದೆ. ಕೆಆರ್‌ಎಸ್ ತುಂಬಿದರೆ 124.80 ಅಡಿ ಎಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅದನ್ನು 12480 ಎಂದು ಎರಡು ಬೈಟಿಗೆ ಹಾಕಿದರೆ ಹೆಕ್ಸ್‌ನಲ್ಲಿ (ಹದಿನಾರರ ಎಣಿಕೆಯಲ್ಲಿ) 30, ಸಿ0. ಹಿಂದುಮುಂದಾಗಿ ಓದಿದರೆ 492 ಅಡಿ! ಅಣೆಕಟ್ಟೆಯ ಅಂಕಿಯಾದರೆ ಕಂಡ ಕೂಡಲೇ ತಪ್ಪೆಂದು ತಿಳಿಯುತ್ತದೆ. ಚಿಕ್ಕ ನಾಲೆಯ ಮಟ್ಟದಲ್ಲಿ ಅಷ್ಟು ಸುಲಭವಾಗಿ ತಿಳಿಯದೆ, ಕೊನೆ ಭಾಗದ ರೈತನಿಗೆ ನೀರು ಬಂದಿಲ್ಲವೆಂದಾಗಲೇ ಬಯಲಾಗಬಹುದು.

ಮೂರು ಬೈಟ್ ಹೆಚ್ಚಾದದ್ದಕ್ಕೆ ಬೆಲೆ ಇಲ್ಲವೆಂದೇನಲ್ಲ. ಲೋರಾದಂಥ ನಿಧಾನ ರೇಡಿಯೊದಲ್ಲಿ ಬೈಟ್ ಎಂದರೆ ಬ್ಯಾಟರಿ. ಅಲ್ಲಿ 13ಕ್ಕೇ ಬಿಗಿಯಾಗಿ ಕಟ್ಟಿ, ಎರಡೂ ತುದಿಯಲ್ಲಿ ಬೈಟ್ ಬೈಟಾಗಿ ಓದಿ ಎಂದೇ ಹೇಳುತ್ತೇನೆ. ನಮ್ಮ ಮೀಟರ್ ಸಿಮ್ ಕಾರ್ಡಿನ ಮೇಲೆ ಮಾತಾಡುವ ಗೇಟ್‌ವೇಗೆ ತಂತಿಯಲ್ಲಿ ಸೇರಿದ್ದು, 16 ಬೈಟ್ ಭಾರವಾಗಲಿಲ್ಲ.

ಎಂ4 ಮೌನವಾಗಿ ನಿಭಾಯಿಸಿದ್ದರಿಂದಲೇ ನಮ್ಮ ತಪ್ಪು ಅಷ್ಟು ದಿನ ಅಡಗಿತ್ತು. ಈಗ ಆ ಚಿಪ್ಪಿನ ಮೇಲೆ ಪರೀಕ್ಷೆ ಮಾಡುವಾಗಲೂ, ಅಲೈನ್ ಆಗದ, ಅಂದರೆ ಬದುವಿಗೆ ಹೊಂದದ, ಓದು ಕಂಡರೆ ಫಾಲ್ಟ್ ಕೊಡು ಎನ್ನುವ ಬಿಟ್ ಅದರ ಸಂರಚನಾ ರಿಜಿಸ್ಟರಿನಲ್ಲಿದೆ, ಅದನ್ನು ಹಾಕಿಯೇ ಓಡಿಸುತ್ತೇವೆ. ಪ್ರತಿಯೊಂದು ಬಗೆಯ ಸಂದೇಶವನ್ನೂ ಬಫರಿನ ಆರಂಭದಿಂದ ಒಂದು, ಎರಡು, ಮೂರು ಬೈಟ್ ಬೇಕೆಂದೇ ಸರಿಸಿ ಓದಿಸುತ್ತೇವೆ. ಮೊದಲು ಓದಿಸುವುದು ಸಮಯದ ಸಂದೇಶವನ್ನು.